ಅನಂತರಾಜು ನೇರ ಮಾಡಿದ ದೇವರು

ಚನ್ನಪಟ್ಟಣದ ಪೇಟೆಬೀದಿಯಲ್ಲಿ ಅನಂತರಾಜುವಿನ ಫೋಟೋ ಸ್ಟುಡಿಯೋಗೂ ಮುಕ್ತಿಯಾರನ ಕಟ್ಟಿನಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಇವನು ಫೋಟೋ ತೆಗೆಯುತ್ತಿದ್ದ, ಅವನು ಅದಕ್ಕೆ ಗಾಜು ಕೂರಿಸಿ ಕಟ್ಟು ಹಾಕುತ್ತಿದ್ದ. ಸುತ್ತಲ ಹಳ್ಳಿಗಳ ಮದುಮಕ್ಕಳು, ತೀರಿಕೊಂಡ ಹಿರಿಯರು, ದೇವರುಗಳು, ಎಲ್ಲರೂ ಆ ಗೋಡೆಯ ಈಚೆಯಿಂದ ಆಚೆಗೆ ದಾಟಿಕೊಂಡೇ ತಂತಮ್ಮ ಮನೆ ಸೇರಬೇಕಿತ್ತು.

ಅನಂತರಾಜು ಮೊದಲು ಬೋರ್ಡು ಬರೆಯುತ್ತಿದ್ದವನು. ಹೆದ್ದಾರಿ ಅಗಲವಾಗಿ, ಬಿಡದಿ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದು ನಿಂತ ಕಾಲದಲ್ಲಿ ಬೋರ್ಡುಗಳೇನೋ ಬೇಕಾದಷ್ಟು ಬೇಕಾದವು. ಆದರೆ ಅದೇ ಹೊತ್ತಿಗೆ ಫ್ಲೆಕ್ಸ್ ಬಂದು, ಇವನು ವಾರ ಕೂತು ಬರೆಯುವುದನ್ನು ಒಂದು ಮೆಷಿನ್ನು ಚಾ ಕುಡಿದು ಮುಗಿಸುವಷ್ಟರಲ್ಲಿ ಉಗುಳತೊಡಗಿತು. ಅನಂತರಾಜು ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಟ್ಟಕ್ಕೆ ಹಾಕಿ, ಡಿಜಿಟಲ್ ಕ್ಯಾಮೆರಾ ಒಂದು, ಕಂಪ್ಯೂಟರ್ ಒಂದು ಕೊಂಡು ಫೋಟೋದವನಾದ.

ಕಸುಬು ಬದಲಾಯಿತು, ಮೈ ಬದಲಾಗಲಿಲ್ಲ. ಹುಟ್ಟಿನಿಂದಲೇ ಅವನ ಒಂದು ಭುಜ ಇನ್ನೊಂದಕ್ಕಿಂತ ತಗ್ಗು. ಬೋರ್ಡು ಬರೆಯುವಾಗ ಗೆರೆ ಹಾಕಿಕೊಂಡು ಬರೆದು ಬಚಾವಾಗುತ್ತಿದ್ದ. ಕ್ಯಾಮೆರಾ ಹಿಡಿದರೆ ಗೆರೆ ಹಾಕುವುದಾದರೂ ಎಲ್ಲಿ? ಅವನು ತೆಗೆದ ಫೋಟೋದಲ್ಲಿ ಮದುವೆ ಚಪ್ಪರ ವಾಲುತ್ತಿತ್ತು, ಕೆರೆಯ ನೀರು ಒಂದು ಕಡೆಗೆ ಚೆಲ್ಲಿಹೋಗುವಂತೆ ಕಾಣುತ್ತಿತ್ತು. ಆದರೂ ಸ್ಟೂಲಿನ ಮೇಲೆ ಕೂತ ಗಿರಾಕಿಗೆ ಸೊಟ್ಟಗೆ ನಿಂತುಕೊಂಡೇ ಹೇಳುತ್ತಿದ್ದ, "ಒಸಿ ನೆಟ್ಟಗೆ ಕುಂತ್ಕಳಿ ಸಾ."

"ನೀನು ಒಸಿ ನೆಟ್ಟಗೆ ನಿಂತ್ಕಳ್ಲಾ ಮೊದ್ಲು," ಎಂದು ಗೋಡೆಯಾಚೆಯಿಂದ ಮುಕ್ತಿಯಾರ್ ಕೂಗುತ್ತಿದ್ದ. "ನಿನ್ ಫೋಟೋಕ್ಕೆ ಕಟ್ಟು ಹಾಕೋವಾಗ ನನ್ ಕತ್ತೇ ಹಿಡ್ಕಂತದೆ."

ಈ ಅವಮಾನದಿಂದ ಅನಂತರಾಜುವನ್ನು ಮೇಲೆತ್ತಿದ್ದು ಕಂಪ್ಯೂಟರು. ಚಿತ್ರವನ್ನು ಒಳಗೆ ಹಾಕಿ, ಮೌಸ್ ಎಂಬ ಇಲಿಯನ್ನು ಹಿಡಿದು ಒಂದಿಷ್ಟು ತಿರುಗಿಸಿದರೆ ಸಾಕು, ವಾಲಿದ ಚಪ್ಪರ ಎದ್ದು ನಿಲ್ಲುತ್ತಿತ್ತು. ಅಂಚು ಕತ್ತರಿಸಿದರೆ ತಿರುಗಿಸಿದ್ದರ ಕುರುಹೂ ಉಳಿಯುತ್ತಿರಲಿಲ್ಲ. ಅದನ್ನು ಕಲಿತ ಮೇಲೆ ಅವನು ಏನನ್ನೂ ವಾಲಿದ ಹಾಗೆ ಬಿಡಲಿಲ್ಲ. ತೋಟವೊಂದರಲ್ಲಿ ಹುಟ್ಟಾ ಸೊಟ್ಟಗಿದ್ದ ಒಂದು ತೆಂಗಿನಮರವನ್ನು ನೇರ ಮಾಡಿ, ಪಾಪ, ಅದರ ಕೆಳಗೆ ಸರಿಯಾಗಿಯೇ ನಿಂತಿದ್ದ ಗಂಡಹೆಂಡಿರನ್ನು ಬೀಳುವ ಹಾಗೆ ಮಾಡಿಟ್ಟಿದ್ದ. ಅವರು ಏನೂ ಅನ್ನದೆ ಫೋಟೋ ತೆಗೆದುಕೊಂಡು ಹೋದರು. ಯಾರೂ ಏನೂ ಅನ್ನದಿದ್ದರೆ ಮನುಷ್ಯ ತಾನು ಮಾಡಿದ್ದು ಸರಿ ಎಂದುಕೊಳ್ಳುತ್ತಾನೆ.

ಹೊಂಗನೂರಿನ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿನ ಬಾಲರಾಜು ಬಿಡದಿಯ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ರೇಷ್ಮೆ. ತಾಯಿ ವೆಂಕಟಲಕ್ಷ್ಮಮ್ಮನೇ ಹುಳದ ಮನೆಯ ಯಜಮಾನಿ. ಹಿರಿಸೊಸೆ ಚಿಕ್ಕತಾಯಮ್ಮ ಅಲ್ಲೇ ಪಕ್ಕದ ಊರಿನವಳು, ಹುಳದ ನಡುವೆಯೇ ಬೆಳೆದವಳು. ಬಾಲರಾಜುವಿನ ಹೆಂಡತಿ ಲತಾಮಣಿ ಮಾಗಡಿ ತಾಲ್ಲೂಕಿನ ಕಲ್ಯದವಳು. ರಾಗಿ ಹೊಲದಿಂದ ಬಂದ ಹುಡುಗಿಗೆ ಹುಳ ಎಂದರೆ ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ಹುಳ ಜ್ವರಕ್ಕೆ ಕೂತಾಗ, ಎಂದರೆ ಪೊರೆ ಬಿಡಲು ಮೇವು ಬಿಟ್ಟು ಅಲ್ಲಾಡದೆ ಕೂತಾಗ, ತಾನೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

ಆ ವರ್ಷ ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳ ಸಪ್ಪೆಯಾಗಿ ತಟ್ಟೆ ತಟ್ಟೆಯೇ ಸತ್ತುಹೋಯಿತು. ಊರಾಚೆಯ ಗುಡ್ಡಕ್ಕೆ ಜಲ್ಲಿ ಕ್ರಷರ್ ಬಂದ ಮೇಲೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿಳೀ ಧೂಳು ಕೂರುತ್ತಿತ್ತು. ಅದರಿಂದಲೇ ಎಂದು ಕೆಲವರು ಅಂದರು. ಆದರೆ ಕ್ರಷರನ್ನು ಕರೆದು ಅಂಗಳದಲ್ಲಿ ನಿಲ್ಲಿಸಿ ಕೇಳಲಾಗುವುದಿಲ್ಲ. ಸೊಸೆಯನ್ನು ಕೇಳಬಹುದು. ಲತಾಮಣಿ ಮುಟ್ಟಾದ ದಿನ ಹುಳದ ಮನೆಯೊಳಗೆ ಕಾಲಿಟ್ಟಿದ್ದಾಳೆ, ಹೇಳದೆ ಮುಚ್ಚಿಟ್ಟಿದ್ದಾಳೆ ಎಂದು ಚಿಕ್ಕತಾಯಮ್ಮನ ಬಾಯಿಂದ ಮಾತು ಬಂತು. ಬಂದ ಮಾತು ಬಾವಿಕಟ್ಟೆಗೆ ಹೋಯಿತು. ಲತಾಮಣಿ ಇಲ್ಲವೆಂದಳು. ಒಂದು ಸಲ ಇಲ್ಲವೆಂದರೆ ಸುಳ್ಳು ಅಂದರು, ಅತ್ತು ಇಲ್ಲವೆಂದರೆ ನಾಟಕ ಅಂದರು.

ಕೊನೆಗೆ ಊರಮ್ಮನನ್ನೇ ಕೇಳುವುದೆಂದಾಯಿತು. ಆ ಕಡೆಯ ರೂಢಿ ಅದು. ಬಿದಿರ ಚೌಕಟ್ಟಿಗೆ ಸೀರೆ ಉಡಿಸಿ, ಬೆಳ್ಳಿಯ ಮುಖ ಕಟ್ಟಿದ ಅಮ್ಮನನ್ನು ಒಬ್ಬ ತಲೆಯ ಮೇಲೆ ಹೊತ್ತು ನಿಲ್ಲುತ್ತಾನೆ. ತಮಟೆ ಬಡಿಯುತ್ತದೆ. ಮನಸ್ಸಿನಲ್ಲಿರುವುದನ್ನು ಕೇಳಿದರೆ ಅಮ್ಮ ಬಾಗಿ ಹೇಳುತ್ತಾಳೆ. ಬಾಗದೆ ನೆಟ್ಟಗೆ ನಿಂತುಬಿಟ್ಟರೆ ಅವಳು ಒಪ್ಪಲಿಲ್ಲ ಎಂದೇ ಅರ್ಥ.

ವೆಂಕಟಲಕ್ಷ್ಮಮ್ಮ ಆಗ ಕಣ್ಣಿನ ಪೊರೆ ತೆಗೆಸಿಕೊಂಡು ರಾಮನಗರದ ಮಗಳ ಮನೆಯಲ್ಲಿ ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. "ಫೋಟೋ ತೆಗೆಸ್ಲಾ. ಕಣ್ಣು ಬಿಟ್ಮೇಲೆ ನಾನೇ ನೋಡಿ ಹೇಳ್ತೀನಿ," ಎಂದು ಮಗನಿಗೆ ಹೇಳಿ ಕಳಿಸಿದ್ದಳು. ಹಾಗಾಗಿ ಅನಂತರಾಜು ಅಲ್ಲಿಗೆ ಹೋದ.

ಅಂಗಳ ತುಂಬ ಜನ. ಅಮ್ಮನನ್ನು ಹೊತ್ತವನು ಕರಿಯಪ್ಪ. ಊರಿನ ಹಿರಿಯರೊಬ್ಬರು ಕೈಮುಗಿದು ಕೇಳಿದರು: "ತಾಯೀ, ಹುಳ ಕೆಟ್ಟಿದ್ದು ಈ ಹೆಣ್ಮಗಳ ಮೈಲಿಗೆಯಿಂದ ಅಲ್ಲ ಅನ್ನೋದಾದ್ರೆ, ಇವಳ ತಾವ್ಕೆ ಬಾಗಿ ಪರಸಾದ ಕೊಡು." ತಮಟೆ ಏರಿತು. ಲತಾಮಣಿ ಬಗ್ಗಿ ಕೈಮುಗಿದಳು. ಕರಿಯಪ್ಪ ಒಂದು ಸುತ್ತು ಬಂದ, ಎರಡು ಹೆಜ್ಜೆ ಹಿಂದಕ್ಕಿಟ್ಟ, ಮುಂದಕ್ಕೆ ಬಂದ. ಜನ ಹೋ ಎಂದರು. ಅನಂತರಾಜು ಗುಂಡಿ ಒತ್ತಿದ. ಅವನ ಒಂದು ಕಣ್ಣು ಕ್ಯಾಮೆರಾದಲ್ಲಿತ್ತು, ಇನ್ನೊಂದು ಮುಚ್ಚಿತ್ತು. ಅಮ್ಮ ಏನು ಮಾಡಿದಳೆಂದು ಆ ಅಂಗಳದಲ್ಲಿ ನೋಡದೆ ಉಳಿದವನು ಅವನೊಬ್ಬನೇ. ಬಸ್ಸಿನ ಹೊತ್ತಾಯಿತೆಂದು ಯಾರನ್ನೂ ಕೇಳದೆ ಹೊರಟುಬಿಟ್ಟ.

ಸ್ಟುಡಿಯೋಗೆ ಬಂದು ಚಿತ್ರ ತೆರೆದಾಗ ದೇವರು ವಾಲಿತ್ತು. "ಥೂ ನನ್ ಭುಜವೇ," ಎಂದುಕೊಂಡ. ಪೂಜೆಗಿಡುವ ಫೋಟೋ ಸೊಟ್ಟಗೆ ಇದ್ದರೆ ಹೇಗೆ? ಶ್ರದ್ಧೆಯಿಂದ, ಕೈಕಾಲು ತೊಳೆದು ಬಂದು ಕೂತು, ಇಷ್ಟಿಷ್ಟೇ ತಿರುಗಿಸಿ ಅಮ್ಮನನ್ನು ನೆಟ್ಟಗೆ ನಿಲ್ಲಿಸಿದ. ಸುತ್ತ ಇದ್ದ ಜನ, ಮನೆಯ ಸೂರು, ಬೇವಿನಮರ, ಕೆಳಗಿನ ಕರಿಯಪ್ಪ ಎಲ್ಲವನ್ನೂ ಕತ್ತರಿಸಿದ. ಅಮ್ಮನ ಮೇಲ್ಭಾಗ ಮತ್ತು ಕೈಮುಗಿದ ಲತಾಮಣಿ ಮಾತ್ರ ಉಳಿದರು. ಅದನ್ನೇ ಸೇವ್ ಮಾಡಿ ಮುಚ್ಚಿದ. ಮಾರನೆಯ ದಿನದ ನಾಮಕರಣಕ್ಕೆಂದು ಕ್ಯಾಮೆರಾದ ಕಾರ್ಡನ್ನೂ ಅಳಿಸಿದ. ಮುಕ್ತಿಯಾರ್ ಒಳ್ಳೆಯ ತೇಗದ ಕಟ್ಟು ಹಾಕಿಕೊಟ್ಟ.

ಕೆಲವು ದಿನ ಕಳೆದು, ಬಿಸಿಲು ಏರಿದ ಹೊತ್ತಿನಲ್ಲಿ, ಆ ಕಟ್ಟನ್ನು ಹಳೇ ಟವಲಿನಲ್ಲಿ ಸುತ್ತಿಕೊಂಡು ಲತಾಮಣಿ ಒಬ್ಬಳೇ ಸ್ಟುಡಿಯೋಗೆ ಬಂದಳು. ಬಂದವಳು ಕೂರಲಿಲ್ಲ.

"ಏನ್ ಮಾಡ್ಬುಟ್ರಿ ಅಣ್ಣಾ ನೀವು?"

"ಯಾಕವ್ವಾ? ಕಟ್ಟು ಬಿಟ್ಕಂತಾ?"

ಅವಳು ಟವಲು ಬಿಚ್ಚಿ ಫೋಟೋವನ್ನು ಮೇಜಿನ ಮೇಲಿಟ್ಟಳು. "ಅಮ್ಮ ನನ್ ಕಡೆ ಬಾಗಿದ್ಲು. ಊರೆಲ್ಲಾ ನೋಡೈತೆ. ಇದ್ರಾಗೆ ನೋಡಿ. ಅವ್ಳು ಕಂಬ ನಿಂತಂಗೆ ನಿಂತವ್ಳೆ. ನಾನೇ ಅವಳ ಮ್ಯಾಲೆ ಬೀಳ್ತಾ ಇವ್ನಿ."

ಅನಂತರಾಜು ನೋಡಿದ. ಎಷ್ಟೋ ಸಲ ನೋಡಿದ್ದ ಚಿತ್ರವನ್ನು ಮೊದಲ ಸಲ ನೋಡಿದ. ಅವನು ತಿರುಗಿಸಿದ್ದು ಅಮ್ಮನನ್ನು ಮಾತ್ರವಲ್ಲ. ಅಮ್ಮ ನೆಟ್ಟಗಾದಷ್ಟೂ ಲತಾಮಣಿ ಅವಳತ್ತ ಓರೆಯಾಗಿದ್ದಳು. ಒಪ್ಪದ ದೇವರ ಮೈಮೇಲೆ ನುಗ್ಗಿ ಹೋಗುತ್ತಿರುವ ಹೆಂಗಸಿನ ಹಾಗೆ.

"ಅತ್ತೆ ಕಣ್ಣು ಬಿಟ್ಟು ನೋಡಿದ್ದೇ ಇದನ್ನ," ಎಂದಳು ಲತಾಮಣಿ. "ನೋಡಿ ಸುಮ್ಕಾದ್ರು. ಬೈದ್ರೂ ತಡ್ಕೊಬೌದಿತ್ತು. ಚಿಕ್ಕತಾಯಕ್ಕ ಅಂದ್ರು, ಅವತ್ತು ಅಮ್ಮ ಬಾಗ್ಲೇ ಇಲ್ಲ, ಕರಿಯಪ್ಪನ ಕಾಲಿಗೆ ಕಲ್ಲು ತಾಗಿ ಒಸಿ ಅಳ್ಳಾಡ್ತು ಅಷ್ಟೇ ಅಂತ. ಹೋ ಅಂದೋರೆಲ್ಲಾ ಈಗ, ನಾವ್ ದೂರದಾಗಿದ್ವಿ ಕಣವ್ವಾ ಅಂತಾರೆ. ಹೊಸ ಹುಳ ತಂದವ್ರೆ. ನಾನು ಆ ಬಾಗ್ಲು ದಾಟಂಗಿಲ್ಲ. ಸೋಮವಾರ ಕಲ್ಯಕ್ಕೆ ಕಳಿಸ್ತಾರಂತೆ."

"ಬಾಲರಾಜು ಏನಂತಾನೆ?"

"ಶಿಫ್ಟು ಅಂತಾರೆ."

ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಹಿಂದಕ್ಕೆಳೆಯುವ ಉಪಾಯ ಇರುತ್ತದೆ. ಆದರೆ ಅದರ ಜ್ಞಾಪಕ ಫೈಲು ಮುಚ್ಚುವವರೆಗೆ ಮಾತ್ರ. ಮುಚ್ಚಿ ಮತ್ತೆ ತೆರೆದರೆ ಅದಕ್ಕೆ ತನ್ನ ಹಿಂದಿನ ಜನ್ಮ ನೆನಪಿರುವುದಿಲ್ಲ. ಅನಂತರಾಜು ಫೈಲು ತೆರೆದ. ಹಿಂದಕ್ಕೆ, ಹಿಂದಕ್ಕೆ ಎಂದು ಒತ್ತಿದ. ಅದು ಅಲ್ಲಾಡಲಿಲ್ಲ. ಕಾರ್ಡಿನಲ್ಲಿ ಯಾರದೋ ಕೂಸು ತೊಟ್ಟಿಲಲ್ಲಿ ನಗುತ್ತಿತ್ತು.

ಅಷ್ಟರಲ್ಲಿ ಮುಕ್ತಿಯಾರ್ ಕೈಯಲ್ಲಿ ಮೊಳೆ ಹಿಡಿದುಕೊಂಡೇ ಈಚೆಗೆ ಬಂದಿದ್ದ. ಗೋಡೆ ತೆಳ್ಳಗಿತ್ತು, ಎಲ್ಲ ಕೇಳಿಸಿತ್ತು.

"ಲೇ, ಇದಕ್ಕ್ಯಾಕ್ಲಾ ಇಷ್ಟು ಬೆವರ್ತೀಯ? ನೆಟ್ಟಗೆ ಮಾಡ್ದೋನಿಗೆ ಸೊಟ್ಟಗೆ ಮಾಡಕ್ಕಾಗಲ್ವಾ? ತಿರುಗ್ಸು ವಾಪಸ್."

"ಎಷ್ಟು ತಿರುಗಿಸ್ಲಿ? ಕೈಯಳತೇಲಿ ಮಾಡಿದ್ದು. ನೆಪ್ಪಿಲ್ಲ."

"ಒಸಿ ಜಾಸ್ತಿನೇ ಬಗ್ಸು. ಈ ತಂಗೀನ ತಬ್ಕೊಳಂಗೆ ಬಗ್ಸು. ಯಾರಿಗ್ ಗೊತ್ತಾಯ್ತದೆ?"

ಅನಂತರಾಜುವಿಗೂ ಅದೇ ಹೊಳೆದಿತ್ತು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಅವನ ಕೈ ಆಗಲೇ ಇಲಿಯ ಮೇಲಿತ್ತು.

"ಬ್ಯಾಡಿ ಅಣ್ಣಾ," ಎಂದಳು ಲತಾಮಣಿ. "ನೀವ್ ಬಗ್ಗಿಸಿದ್ರೆ ಅದು ನೀವ್ ಬಾಗಿದ್ದು. ಅಮ್ಮ ಎಷ್ಟು ಬಾಗಿದ್ಲೋ ಅಷ್ಟೇ ಇರ್ಲಿ. ಒಸಿನೇ ಇದ್ರೂ ಒಸಿನೇ ಇರ್ಲಿ."

ಮುಕ್ತಿಯಾರ್ ಮೊಳೆಯನ್ನು ಜೇಬಿಗೆ ಹಾಕಿಕೊಂಡ.

ಈಗ ಅನಂತರಾಜುವನ್ನು ಇನ್ನೊಂದು ಭಯ ಹಿಡಿಯಿತು. ಆ ವಾಲಿಕೆಯಲ್ಲಿ ಅಮ್ಮನ ಪಾಲೆಷ್ಟು, ತನ್ನ ಭುಜದ ಪಾಲೆಷ್ಟು? ಎಲ್ಲವೂ ಭುಜದ್ದೇ ಆಗಿದ್ದರೆ? ಆಗ ಅಮ್ಮ ನಿಜವಾಗಿಯೂ ಬಾಗಿರಲಿಲ್ಲ, ಊರಿನವರೆಲ್ಲ ತಮಟೆಯ ಅಮಲಿನಲ್ಲಿ ಹೋ ಎಂದಿದ್ದರು, ಈ ಹೆಣ್ಣುಮಗಳು ಸೋಮವಾರ ಕಲ್ಯದ ಬಸ್ಸು ಹತ್ತಬೇಕಾದದ್ದೇ. ಸೂರಾದರೂ ಇದ್ದಿದ್ದರೆ, ಬೇವಿನಮರವಾದರೂ ಇದ್ದಿದ್ದರೆ ಅದನ್ನು ನೋಡಿ ಲೆಕ್ಕ ಹಿಡಿಯಬಹುದಿತ್ತು. ಸಾಕ್ಷಿಗಳನ್ನೆಲ್ಲ ತಾನೇ ಕತ್ತರಿಸಿ ಹಾಕಿದ್ದ. ಉಳಿದಿದ್ದವರು ಇಬ್ಬರು. ಒಬ್ಬಳು ದೇವರು, ಇನ್ನೊಬ್ಬಳು ಆಪಾದನೆ ಹೊತ್ತವಳು.

ಚಿತ್ರವನ್ನು ದೊಡ್ಡದು ಮಾಡಿ ಅಂಗುಲ ಅಂಗುಲವೇ ಹುಡುಕಿದ. ಅಮ್ಮನ ಸೀರೆ ಚೌಕಟ್ಟಿಗೆ ಬಿಗಿದದ್ದು, ಅದು ಚೌಕಟ್ಟು ಹೋದ ಕಡೆ ಹೋಗುತ್ತದೆ. ಹೂವಿನ ಹಾರಕ್ಕೆ ದಾರ ಕಟ್ಟಿತ್ತು. ಲತಾಮಣಿಯ ಕೈ, ಸೆರಗು, ಬಳೆ. ಆಮೇಲೆ ಅವಳ ತಾಳಿ.

ಅವಳು ಬಗ್ಗಿ ಕೈಮುಗಿದಿದ್ದಳಲ್ಲ, ತಾಳಿ ರವಿಕೆಯಿಂದ ಬಿಟ್ಟು ಈಚೆಗೆ ಬಂದು ಗಾಳಿಯಲ್ಲಿ ತೂಗುತ್ತಿತ್ತು. ಆದರೆ ಫೋಟೋದಲ್ಲಿ ಅದು ಕೆಳಕ್ಕೆ ಇಳಿದಿರಲಿಲ್ಲ. ಯಾರೋ ಎಳೆದು ಹಿಡಿದ ಹಾಗೆ ಓರೆಯಾಗಿ ನಿಂತಿತ್ತು. ಗಾರೆ ಕೆಲಸದವರು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಗೋಡೆ ನೆಟ್ಟಗಿದೆಯೋ ಎಂದು ನೋಡುತ್ತಾರೆ. ಭೂಮಿಯ ಮೇಲೆ ತೂಗುವ ಯಾವ ವಸ್ತುವೂ ಓರೆಯಾಗಿ ತೂಗುವುದಿಲ್ಲ. ಅದನ್ನು ತಿರುಗಿಸಬಲ್ಲವನು ಅನಂತರಾಜು ಒಬ್ಬನೇ.

"ಅವತ್ತು ಗಾಳಿ ಇತ್ತಾ ಕಣವ್ವಾ?"

"ಎಲ್ಲಿ ಗಾಳಿ? ಎಲೆ ಅಳ್ಳಾಡ್ತಿರ್ಲಿಲ್ಲ. ಸೆಕೆಗೆ ತಮಟೆಯೋನು ಅಂಗಿ ಬಿಚ್ಚಾಕಿದ್ದ."

ಅನಂತರಾಜು ತಿರುಗಿಸಲು ಹೊರಟ. ಈ ಸಲ ದೇವರ ಕಡೆ ನೋಡಲಿಲ್ಲ. ಬೇಕೆಂದೇ ಎಡಗೈಯನ್ನು ಪರದೆಗೆ ಅಡ್ಡ ಹಿಡಿದು ಅಮ್ಮನ ಮುಖ ಮರೆ ಮಾಡಿಕೊಂಡ. ತಾಳಿಯೊಂದನ್ನೇ ನೋಡುತ್ತ, ಅದು ನೇರವಾಗಿ ನೆಲದ ಕಡೆ ಇಳಿಯುವವರೆಗೆ ತಿರುಗಿಸಿ, ನಿಲ್ಲಿಸಿ, ಕೈ ತೆಗೆದ.

ಬೆಳ್ಳಿಯ ಮುಖ ಲತಾಮಣಿಯ ಹಣೆಯ ಮೇಲೆ ಬಾಗಿತ್ತು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಲು ಬಗ್ಗುತ್ತಾರಲ್ಲ, ಅಷ್ಟು. ಲತಾಮಣಿ ಕೈಮುಗಿದು ತನ್ನ ಜಾಗದಲ್ಲೇ ಇದ್ದಳು.

"ಯಾ ಅಲ್ಲಾ," ಎಂದು ಮುಕ್ತಿಯಾರ್ ಮೆಲ್ಲಗೆ ಅಂದ.

ತಿರುಗಿಸಿ ಕತ್ತರಿಸಿದ ಚಿತ್ರವನ್ನು ಹಿಂದಕ್ಕೆ ತಿರುಗಿಸಿದರೆ ಕತ್ತರಿಸಿ ಹೋದದ್ದು ಬರುವುದಿಲ್ಲ. ನಾಲ್ಕು ಮೂಲೆಯಲ್ಲೂ ಬಿಳೀ ತ್ರಿಕೋನಗಳು ಬಾಯಿ ಬಿಟ್ಟುಕೊಂಡಿದ್ದವು. ಇನ್ನೊಂದು ಸುತ್ತು ಕತ್ತರಿಸಿದರೆ ಅವು ಹೋಗುತ್ತಿದ್ದವು, ಜೊತೆಗೆ ಲತಾಮಣಿಯ ಕೈಗಳೂ ಹೋಗುತ್ತಿದ್ದವು. ಅನಂತರಾಜು ಕತ್ತರಿ ಮುಟ್ಟಲಿಲ್ಲ. ಹಾಗೆಯೇ ಪ್ರಿಂಟು ತೆಗೆದು, ಹಳೆಯ ಕಟ್ಟನ್ನೂ ಜೊತೆಗೆ ತೆಗೆದುಕೊಂಡು, ಅಂಗಡಿಯನ್ನು ಮುಕ್ತಿಯಾರನ ಕಣ್ಣಿಗೆ ಬಿಟ್ಟು, ಲತಾಮಣಿಯ ಜೊತೆ ಬಸ್ಸು ಹತ್ತಿದ.

ವೆಂಕಟಲಕ್ಷ್ಮಮ್ಮ ಜಗಲಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಬಾಲರಾಜು ಕಂಬಕ್ಕೆ ಒರಗಿ ನಿಂತಿದ್ದ. ಚಿಕ್ಕತಾಯಮ್ಮ ಸೊಪ್ಪಿನ ಕುಕ್ಕೆ ಕಂಕುಳಲ್ಲಿಟ್ಟುಕೊಂಡು ಹುಳದ ಮನೆಗೆ ಹೊರಟವಳು ಇವರನ್ನು ಕಂಡು ಬಾಗಿಲಲ್ಲೇ ನಿಂತಳು. ಒಬ್ಬಳೇ ಹುಳ ನೋಡಿ ನೋಡಿ ಅವಳ ಕಣ್ಣು ಗುಳಿಬಿದ್ದಿತ್ತು.

ಅನಂತರಾಜು ಚಪ್ಪಲಿ ಬಿಟ್ಟು ಮುಂದೆ ಬಂದ.

"ಅವ್ವಾ, ನಾನು ಅಮ್ಮನ್ನ ನೆಟ್ಟಗೆ ಮಾಡ್ಬುಟ್ಟಿದ್ದೆ. ನನ್ ಭುಜ ಸೊಟ್ಟ, ಅದಕ್ಕೇ ಫೋಟೋ ಸೊಟ್ಟ ಬಂದೈತೆ ಅಂದ್ಕಂಡು ತಿರುಗಿಸ್ಬುಟ್ಟೆ. ಅಮ್ಮ ಬಾಗಿರೋದು ಗೊತ್ತಾಗ್ಲಿಲ್ಲ. ನಿಜವಾದ್ದು ಇದು," ಎಂದು ಹೊಸ ಪ್ರಿಂಟನ್ನು ಅವಳ ಕೈಗಿಟ್ಟ.

ಚಿಕ್ಕತಾಯಮ್ಮ ಬಾಗಿಲಿಂದಲೇ ಕತ್ತು ಚಾಚಿ ನೋಡಿದಳು. "ಚೆನ್ನಾಗೈತಲ್ಲಪ್ಪಾ! ಅವತ್ತು ನೆಟ್ಟಗೆ ಮಾಡ್ದೆ, ಇವತ್ತು ಇವ್ಳು ಬಂದು ಅತ್ಲು ಅಂತ ಬಗ್ಗಿಸ್ದೆ. ನಾಳೆ ನಾ ಬಂದು ಅತ್ರೆ ನನ್ ಕಡೀಕೂ ತಿರುಗಿಸ್ತೀಯಾ? ಕಂಪ್ಯೂಟರ್‌ನಾಗೆ ದೇವ್ರನ್ನೂ ಕುಣಿಸ್ತಾರೆ ಕಣತ್ತೇ. ಮೂಲೆ ನೋಡಿ, ಬೆಳ್ಳಗೆ ಹರ್ದೋಗೈತೆ."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಒಮ್ಮೆ ತಿರುಗಿಸಿದವನು, ಎರಡನೆಯ ಸಲ ತಿರುಗಿಸಿದ್ದೇ ನಿಜ ಎಂದು ಯಾವ ಬಾಯಲ್ಲಿ ಹೇಳುವುದು? ಲತಾಮಣಿ ನೆಲ ನೋಡುತ್ತಿದ್ದಳು. ವೆಂಕಟಲಕ್ಷ್ಮಮ್ಮ ಪ್ರಿಂಟನ್ನು ಜಗಲಿಯ ಮೇಲೆ ಮಗುಚಿ ಇಟ್ಟಳು.

ಅನಂತರಾಜು ಇನ್ನೇನೂ ತೋಚದೆ ಹಳೆಯ ಕಟ್ಟನ್ನು ಟವಲಿನಿಂದ ತೆಗೆದ. "ಹೊಸದು ಬ್ಯಾಡ ಬುಡಿ ಅವ್ವಾ. ನೀವ್ ನೋಡಿದ್ದು ಇದೇ ಅಲ್ವಾ? ನಾನು ಮುಟ್ಟಲ್ಲ, ನೀವೇ ಹಿಡ್ಕಳಿ. ಇವಳ ತಾಳಿ ಒಂದ್ ನೋಡಿ, ಸಾಕು."

ಮುದುಕಿ ಕನ್ನಡಕವನ್ನು ಹಣೆಗೇರಿಸಿ, ಹೊಸ ಕಣ್ಣನ್ನು ಗಾಜಿನ ಹತ್ತಿರಕ್ಕೆ ತಂದಳು. ಬಹಳ ಹೊತ್ತು ನೋಡಿದಳು. ಗಂಡ ಹೋದಂದಿನಿಂದ ಬರಿದಾಗಿದ್ದ ಕೊರಳಿನ ಹತ್ತಿರ ಅವಳ ಕೈ ತನ್ನಷ್ಟಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ ಕೆಳಗಿಳಿಯಿತು.

"ಬಗ್ಗಿ ಸೊಪ್ಪಾಕೋವಾಗ ಹುಳಕ್ಕೆ ತಗಲ್ತದೆ ಅಂತ ಹಲ್ಲಲ್ಲಿ ಕಚ್ಕಂತಿದ್ದೆ ತಾಳೀನ," ಎಂದಳು, ಯಾರಿಗೆಂದಲ್ಲ. "ಹಿಂಗ್ಯಾಕ್ ನಿಂತೈತೆ ಇದು, ಓರೆಗೆ?"

ಹೇಳುತ್ತ ಹೇಳುತ್ತ ಅವಳ ಎರಡು ಕೈಗಳೂ ಕಟ್ಟನ್ನು ಮೆಲ್ಲಗೆ ತಿರುಗಿಸಿದವು, ಹುಳದ ತಟ್ಟೆಯನ್ನು ಬೆಳಕಿಗೆ ತಿರುಗಿಸುವ ಹಾಗೆ. ತಾಳಿ ನೇರವಾಗಿ ಇಳಿಯಿತು. ಅಲ್ಲಿಗೆ ಕೈ ನಿಂತಿತು. ಕಂಪ್ಯೂಟರಿಲ್ಲ, ಕರೆಂಟಿಲ್ಲ, ಅವಳ ತೊಡೆಯ ಮೇಲೆ ಓರೆಯಾಗಿ ನಿಂತ ತೇಗದ ಕಟ್ಟಿನೊಳಗೆ ಊರಮ್ಮ ಕಿರಿಸೊಸೆಯ ಕಡೆಗೆ ಬಾಗಿದ್ದಳು.

ಚಿಕ್ಕತಾಯಮ್ಮನ ದನಿ ತಗ್ಗಿತು. "ಕರಿಯಪ್ಪನ ಕಾಲಿಗೆ ಕಲ್ಲು ತಾಗಿದ್ದಂತೂ ನಿಜ ಕಣತ್ತೇ. ನಾನೇ ನೋಡಿವ್ನಿ."

"ತಾಗಿರ್ಲಿ," ಎಂದಳು ವೆಂಕಟಲಕ್ಷ್ಮಮ್ಮ. "ಅಂಗ್ಳದ ತುಂಬಾ ಜನ ಇದ್ರಲ್ಲ. ನೀನಿದ್ದೆ. ನನ್ ಮಗ ಇದ್ದ. ಕಲ್ಲು ತಾಗಿದ್ ಮ್ಯಾಲೆ ಯಾರ್ ಕಡೀಗೆ ಬಂದ್ಲು?"

ಬಾಲರಾಜು ಕಂಬ ಬಿಟ್ಟು ನೆಟ್ಟಗೆ ನಿಂತ. ಏನೋ ಹೇಳಲು ಬಾಯಿ ತೆರೆದು, ತಾನು ಇಷ್ಟು ದಿನ ಹೇಳದೆ ಇದ್ದದ್ದು ನೆನಪಾದವನಂತೆ ಮುಚ್ಚಿಕೊಂಡ.

"ಲತಾ," ಎಂದಳು ಮುದುಕಿ. "ಕೈಕಾಲು ತೊಳ್ಕಂಡು ಒಳೀಕ್ ಹೋಗು. ಹುಳ ಹಸ್ಕಂಡಿರ್ತವೆ."

ಲತಾಮಣಿ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದಳು, ಮೊಣಕೈವರೆಗೂ ತೊಳೆದಳು, ಮತ್ತೆ ತೊಳೆದಳು. ಆಮೇಲೆ ಚಿಕ್ಕತಾಯಮ್ಮನ ಪಕ್ಕದಿಂದ ಹಾದು ಹುಳದ ಮನೆಯೊಳಗೆ ಹೋದಳು.

ಅನಂತರಾಜು ಮಗುಚಿಟ್ಟಿದ್ದ ಹೊಸ ಪ್ರಿಂಟನ್ನು ಕೈಗೆತ್ತಿಕೊಂಡ. ಮನಸ್ಸು ಹಗುರವಾದದ್ದೇ ತಡ, ಅವನೊಳಗಿನ ಕಸುಬುದಾರ ಎದ್ದು ಕೂತಿದ್ದ. "ಅವ್ವಾ, ಈ ಬಿಳೀ ಮೂಲೆಗಳ್ನ ಹಿಂಗೇ ಬುಟ್ರೆ ಚೆನ್ನಾಗಿರಲ್ಲ. ನಾಲ್ಕು ಕಡೀಕೂ ಬೇವಿನ್ ಸೊಪ್ಪು ತುಂಬ್ಸಿ, ಮೇಲೊಂದಿಷ್ಟು ಮೋಡ ಹಾಕಿ..."

"ಬ್ಯಾಡ ಕಣಪ್ಪಾ," ಎಂದಳು ವೆಂಕಟಲಕ್ಷ್ಮಮ್ಮ, ಕೈಮುಗಿಯುವಷ್ಟು ವಿನಯದಿಂದ. "ಇಲ್ಲಿ ಕೊಡು ಅದನ್ನ. ನೀನಿನ್ನೇನೂ ಸರಿ ಮಾಡ್ಬ್ಯಾಡ."

ಹುಳದ ಮನೆಯ ಒಳಗಿನಿಂದ ತಗ್ಗಿದ ದನಿಯಲ್ಲಿ ಲತಾಮಣಿ ಕರೆದಳು, "ಅಕ್ಕಾ, ಸೊಪ್ಪು."

ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತೇ ಇದ್ದಳು. ಕುಕ್ಕೆ ಅವಳ ಕಂಕುಳಲ್ಲೇ ಇತ್ತು. ಇನ್ನೊಮ್ಮೆ ಕರೆಯಲಿ ಎಂದು ಕಾದಳೋ, ಕರೆಯದಿರಲಿ ಎಂದು ಕಾದಳೋ, ಯಾರು ಕಂಡರು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಸೊಪ್ಪನ್ನು ಎತ್ತಿ ಬೆರಳಿನಿಂದ ಬಿಳೀ ಧೂಳನ್ನು ಉಜ್ಜಿ ನೋಡಿ, "ತತ್ತೀನಿ ತಡಿ. ಒಸಿ ತೊಳೀಬೇಕು ಇದನ್ನ," ಎಂದು ತೊಟ್ಟಿಯ ಕಡೆ ನಡೆದಳು.